ಇರುವೆಗೆ ಒಂದು ಸೇರು ನುಚ್ಚು

ನನ್ನ ಹರಿವೆ ಬೀಜವನ್ನು ಇರುವೆಗಳು ಹಾಡಹಗಲೇ ಹೊತ್ತುಕೊಂಡು ಹೋದವು. ಕದ್ದವು ಎಂದು ಬರೆಯಲು ಹೊರಟಿದ್ದೆ. ಆದರೆ ಕಳ್ಳನಿಗೆ ಸ್ವಲ್ಪವಾದರೂ ಅಳುಕು ಇರುತ್ತದೆ. ಇವು ನನ್ನ ಹವಾಯಿ ಚಪ್ಪಲಿಯ ಪಕ್ಕದಲ್ಲೇ, ಮದುವೆ ಮುಗಿದ ಮೇಲೆ ಪಾತ್ರೆ ಸಾಗಿಸುವವರ ಹಾಗೆ, ಒಂದರ ಹಿಂದೆ ಒಂದು, ಬಾಯಲ್ಲಿ ಒಂದೊಂದು ಕಪ್ಪು ಬೀಜ ಕಚ್ಚಿಕೊಂಡು ನಡೆದವು. ಎದುರಿನಿಂದ ಬರುವ ಖಾಲಿ ಬಾಯಿಯ ಇರುವೆ ನಿಂತು, ಮುಖಕ್ಕೆ ಮುಖ ತಾಗಿಸಿ, ಇನ್ನೂ ಇದೆಯಾ ಎಂದು ವಿಚಾರಿಸಿಕೊಂಡು ಮುಂದೆ ಹೋಗುತ್ತಿತ್ತು. ಬೇಕಾದಷ್ಟಿದೆ, ಆ ಹೆಂಗಸು ಸುಮ್ಮನೆ ನೋಡ್ತಾ ಕೂತಿದಾಳೆ ಎಂದು ಇದು ಹೇಳಿರಬೇಕು.

ನಾನು ಸುಮ್ಮನೆ ಕೂತಿರಲಿಲ್ಲ. ಕುದಿಯುತ್ತಿದ್ದೆ.

ಈಗ ಇದನ್ನು ಬರೆಯುವಾಗ ಮೇಜಿನ ಮೇಲೆ ಹೋಮಿಯೋಪತಿ ಗುಳಿಗೆಯ ಒಂದು ಸಣ್ಣ ಗಾಜಿನ ಬಾಟಲಿ ಇದೆ. ಸಾಗರದ ಪೇಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಔಷಧಿ ಮಾರುತ್ತಾ ಬಂದಿರುವ ನನ್ನ ಹತ್ತಿರ ಆ ಬಾಟಲಿ ಇರುವುದೇ ಒಂದು ಅವಮಾನ, ಆದರೆ ಅದು ಅಮ್ಮನದು. ಗುಳಿಗೆ ಮುಗಿದ ಮೇಲೆ ಅಮ್ಮ ಅದರೊಳಗೆ ಹರಿವೆ ಬೀಜ ತುಂಬಿ, ಬಿರಡೆಯ ಮೇಲೆ ಒಂದು ಚೂರು ಬಟ್ಟೆ ಸುತ್ತಿ, ಹೋದ ಮಳೆಗಾಲ ಮುಗಿದ ಮೇಲೆ ನನ್ನ ಕೈಗೆ ಕೊಟ್ಟಳು.

"ಇಲ್ಲಿ ಇನ್ನೆಲ್ಲಿ ಬಿತ್ತದು," ಎಂದಳು. "ನಿನ್ನ ಅಣ್ಣ ಹಿತ್ಲಿಗೆಲ್ಲ ಟೈಲ್ಸ್ ಹಾಕ್ಸಿದಾನೆ. ಚಪ್ಪಲಿಗೆ ಮಣ್ಣು ತಾಗಲ್ಲ ಈಗ. ಇರೋದು ಇಷ್ಟೇ ಬೀಜ. ನೀನು ಬಿತ್ತು. ಎದ್ರೆ ನಂಗೊಂದು ಕಟ್ಟು ತಗೊಂಡ್ ಬಾ."

ಅಮ್ಮ ಅರಳಸುರಳಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅಣ್ಣ ಅತ್ತಿಗೆ ಇಬ್ಬರೂ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಒಂದು ವರ್ಷದಿಂದ ಅವಳಿಗೆ ಊಟ ಸೇರುವುದಿಲ್ಲ. ಏನು ಹಾಕಿದರೂ ಎರಡು ತುತ್ತು ಉಂಡು ತಟ್ಟೆ ಆಚೆ ತಳ್ಳುತ್ತಾಳೆ. ನನ್ನ ಅಂಗಡಿಯಲ್ಲಿ ಇರುವ ಹಸಿವಿನ ಸಿರಪ್ಪುಗಳನ್ನೆಲ್ಲ ಕುಡಿಸಿ ನೋಡಿದ್ದಾಗಿದೆ. ಒಂದು ವರ್ಷದಲ್ಲಿ ಅವಳು ತಾನಾಗಿ ಬಾಯಿಬಿಟ್ಟು ಕೇಳಿದ ತಿನ್ನುವ ವಸ್ತು ಇದೊಂದೇ, ನಮ್ಮನೆ ಹರಿವೆ.

ನಮ್ಮನೆ ಹರಿವೆ ಎಂದರೆ ದಂಟು ಮುರಿದರೆ ಒಳಗೂ ಕೆಂಪು. ಬೇಯಿಸಿದ ರಸ ಅನ್ನಕ್ಕೆ ಬಿದ್ದರೆ ಅನ್ನ ಗುಲಾಬಿ. ಹರಿವೆ ಉಂಡು ಶಾಲೆಗೆ ಹೋದರೆ ನಮ್ಮ ನಾಲಿಗೆ ನೋಡಿಯೇ ಮೇಷ್ಟ್ರು, ಏನೇ, ಇವತ್ತೂ ಹರಿವೆ ಸಾರಾ ಎಂದು ಕೇಳುತ್ತಿದ್ದರು. ಈ ಮೇಷ್ಟ್ರ ಮಾತನ್ನು ನಾನು ನೂರು ಸಲ ಹೇಳಿದ್ದೇನೆ. ಆದರೆ ಮೇಷ್ಟ್ರು ನಮ್ಮ ನಾಲಿಗೆಯನ್ನು ಯಾಕೆ ನೋಡುತ್ತಿದ್ದರು? ಹೊರಗೆ ಚಾಚಿ ನಿಂತಿರುತ್ತಿದ್ದೆವೇ? ಹರಿವೆ ರಸಕ್ಕೆ ನಾಲಿಗೆ ಅಷ್ಟು ಹೊತ್ತು ಕೆಂಪಾಗಿ ಉಳಿಯುವುದೂ ಇಲ್ಲ. ಈಚೆಗೆ ಕನ್ನಡಿ ಮುಂದೆ ನಿಂತು ಪರೀಕ್ಷೆ ಮಾಡಿದೆ. ಆ ಮೇಷ್ಟ್ರನ್ನು ಯಾವ ವರ್ಷ ನಾನೇ ಕಟ್ಟಿ ನಿಲ್ಲಿಸಿದೆನೋ ತಿಳಿಯದು. ಅವರನ್ನು ಈ ಬರಹದಿಂದ ತೆಗೆಯೋಣವೆಂದರೆ ಮನಸ್ಸು ಒಪ್ಪುತ್ತಿಲ್ಲ. ಇರಲಿ, ಆದರೆ ನೀವು ನಂಬಬೇಡಿ.

ಇನ್ನೊಂದು ನೆನಪಿದೆ. ಅದನ್ನೂ ಇದ್ದ ಹಾಗೇ ಬರೆದು ಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಬೆಳಿಗ್ಗೆ. ಅಮ್ಮ ಹಿತ್ತಲಿನ ಪಾತಿಯ ಮೇಲೆ ಬಗ್ಗಿದ್ದಾಳೆ. ಎಡಗೈಯಲ್ಲಿ ಹಳೆ ಸೀರೆ ತುಂಡಿನ ಒಂದು ಗಂಟು, ಗಂಟಿನೊಳಗೆ ಒಲೆಯ ಬೂದಿ. ಬಲಗೈಯ ಕಡ್ಡಿಯಿಂದ ಗಂಟಿಗೆ ತಟ್ಟುತ್ತಾಳೆ, ಪಟ್, ಪಟ್. ಪ್ರತಿ ಪೆಟ್ಟಿಗೂ ಒಂದು ಬಿಳಿ ಮೋಡ ಎದ್ದು ಹರಿವೆಯ ಎಲೆಗಳ ಮೇಲೆ ಕೂರುತ್ತದೆ. ಇರುವೆಗಳು ದಿಕ್ಕಾಪಾಲು. ಅಮ್ಮ ನನ್ನ ಕಡೆ ನೋಡಿ ನಗುತ್ತಾಳೆ. ಆಮೇಲೆ ಗಂಟನ್ನು ನನ್ನ ಕೈಗೆ ಕೊಡುತ್ತಾಳೆ. ಪಟ್, ಪಟ್.

ಈ ನೆನಪಿನಿಂದ ನನಗೆ ಊರಲ್ಲಿ ಸ್ವಲ್ಪ ಹೆಸರೂ ಬಂದಿದೆ. ಸಾಗರದಲ್ಲಿ ನಾವು ಹಿತ್ತಲು ಮಾಡುವ ಹೆಂಗಸರದೊಂದು ವಾಟ್ಸಾಪ್ ಗುಂಪಿದೆ. ವರ್ಷಕ್ಕೊಂದು ಸಲ ಯಾರದಾದರೂ ಮನೆ ಜಗಲಿಯಲ್ಲಿ ಸೇರಿ ಬೀಜ, ಗೆಡ್ಡೆ, ಗಿಡದ ತುಂಡು ಬದಲಾಯಿಸಿಕೊಳ್ಳುತ್ತೇವೆ. ಎರಡು ವರ್ಷದ ಹಿಂದೆ ಅಲ್ಲಿ ನನ್ನನ್ನು ಮಾತಾಡಲು ಹೇಳಿದಾಗ, ಗಂಟು ಕಟ್ಟಿ ಬೂದಿ ತಟ್ಟುವ ಅಮ್ಮನ ಕಥೆ ಹೇಳಿದೆ. ನಮ್ಮ ಹಿಂದಿನವರಿಗೆ ವಿಷ ಬೇಕಿರಲಿಲ್ಲ, ಒಲೆ ಸಾಕಿತ್ತು ಎಂದು ಮುಗಿಸಿದೆ. ಜೋರು ಚಪ್ಪಾಳೆ. ಒಬ್ಬರು ಕಣ್ಣು ಒರೆಸಿಕೊಂಡರು.

ಹೀಗಾಗಿ ಮೊದಲ ಬಿತ್ತನೆಗೆ ನಾನು ಆಯ್ದುಕೊಂಡ ಆಯುಧ ಬೂದಿ. ನಮ್ಮದು ಅಂಗಡಿಯ ಹಿಂದೆಯೇ ಮನೆ, ಮನೆಯ ಹಿಂದೆ ನಾಲ್ಕು ಪಾತಿ. ಅಡುಗೆ ಗ್ಯಾಸಿನಲ್ಲಿ, ಸ್ನಾನಕ್ಕೆ ಸೋಲಾರು, ಬೂದಿಗೆ ಎಲ್ಲಿ ಹೋಗಲಿ. ಕಾಂಪೌಂಡಿನ ಆಚೆಯ ಸಾವಿತ್ರಿಯ ಮನೆಯಲ್ಲಿ ಇನ್ನೂ ಬಚ್ಚಲ ಒಲೆ ಉರಿಯುತ್ತದೆ. ಅವಳು ಒಂದು ಕವರ್ ತುಂಬ ಬೂದಿ ಕೊಟ್ಟು, "ಬೂದಿಗೂ ಬಡತನ ಬಂತನೇ ನಿಂಗೆ," ಎಂದಳು.

ಬಾಟಲಿಯಿಂದ ಒಂದು ಪಾಲು ಬೀಜ ಎರಚಿ, ಪಾತಿಯ ಸುತ್ತ ನಾಲ್ಕು ಬೆರಳು ಅಗಲಕ್ಕೆ ಬೂದಿಯ ಕಟ್ಟೆ ಕಟ್ಟಿದೆ. ಮೇಲಿಂದಲೂ ಗಂಟು ಕಟ್ಟಿ ತಟ್ಟಿದೆ. ಮೊದಲ ಅರ್ಧ ಗಂಟೆ ಇರುವೆಗಳು ಬೂದಿಯ ಅಂಚಿಗೆ ಬಂದು ಸಭೆ ಮಾಡಿದವು. ಗೆದ್ದೆ ಎಂದು ಕಾಫಿ ಕುಡಿಯಲು ಒಳಗೆ ಹೋದೆ. ರಾತ್ರಿಯ ಇಬ್ಬನಿಗೆ ಬೂದಿ ನೆನೆದು ಮಾರನೇ ಬೆಳಿಗ್ಗೆ ಗಟ್ಟಿಯಾಗಿತ್ತು. ಉಬ್ಬುತಗ್ಗಿನ ಮಣ್ಣಿಗಿಂತ ನಯವಾದ ಆ ಬೂದಿಯ ಮೇಲೆಯೇ ಇರುವೆಗಳು ಸಾಲು ಹಿಡಿದು ನನ್ನ ಬೀಜ ಸಾಗಿಸುತ್ತಿದ್ದವು. ನಾನು ಅವಕ್ಕೆ ರಸ್ತೆ ಮಾಡಿಕೊಟ್ಟಿದ್ದೆ.

ಸೋಲಿಗಿಂತ ಹೆಚ್ಚು ಸಿಟ್ಟು ತರಿಸುವುದು ಸಲಹೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವಳಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ವರದಹಳ್ಳಿಗೆ ಹೊರಟವರು ವಾಂತಿ ಮಾತ್ರೆ ಕೇಳಿಕೊಂಡು ಬಂದು, ನಾನು ಮೊಬೈಲಿನಲ್ಲಿ ಇರುವೆಯ ಫೋಟೋ ಹಿಗ್ಗಿಸಿ ನೋಡುತ್ತಿರುವುದನ್ನು ಕಂಡು, ಅರಿಶಿನ ಹಾಕಿ ಅಕ್ಕ ಎಂದರು. ಹಾಕಿದೆ. ಇರುವೆಗಳ ಕಾಲು ಹಳದಿಯಾಯಿತು. ನಿಂಬೆ ಸಿಪ್ಪೆ ಎಂದರು. ಸಿಪ್ಪೆಯ ಅಡಿಯ ನೆರಳಿನಲ್ಲಿ ಅವು ಮೊಟ್ಟೆ ಇಟ್ಟುಕೊಂಡವು. ಹಿಂಗು ಎಂದರು. ಹಿತ್ತಲಿಗೆಲ್ಲ ಸಾರಿನ ವಾಸನೆ. ಸೋಸಿದ ಕಾಫಿಯ ಚರಟ ಎಂದರು, ಅದು ಹಾಕಿದ ದಿನ ಅವು ಇನ್ನೂ ಚುರುಕಾಗಿ ಓಡಾಡಿದವು ಎಂದು ನನ್ನ ಗಂಡ ಹೇಳುತ್ತಾರೆ. ಅವರ ಮಾತು ಬಿಡಿ. ಬಿ.ಪಿ. ಮಾತ್ರೆಗೆ ಬರುವ ಗಣಪತಿಯಣ್ಣ ಮಾತ್ರ ನನ್ನ ರಕ್ತದೊತ್ತಡವನ್ನೂ ಏರಿಸಿಯೇ ಹೋದರು.

"ಇದಕ್ಕೆಲ್ಲ ಯಾಕ್ ತಲೆ ಕೆಡಿಸ್ಕೊಳ್ತೀರಿ, ಇರುವೆ ಪುಡಿ ಹಾಕಿ. ಹತ್ ನಿಮಿಷದ ಕೆಲ್ಸ."

"ಅದು ವಿಷ, ಗಣಪತಿಯಣ್ಣ."

"ವಿಷ ಹಾಕಿದ್ರೆ ತಾನೆ ಸಾಯೋದು. ಪಾಯಸ ಹಾಕ್ತಾರಾ?"

"ನಾಳೆ ಆ ಸೊಪ್ಪು ತಿನ್ನೋರು ನಾವು."

"ನಾವು ತಿನ್ನೋ ಮಾತ್ರೆ ಎಲ್ಲ ಎಂತದು ಹಾಗಾದ್ರೆ?" ಎಂದು ತಮ್ಮ ಪೊಟ್ಟಣ ಎತ್ತಿ ತೋರಿಸಿದರು. "ಇದು ನೀವೇ ಮಾರಿದ್ದು."

ಇದಕ್ಕೆ ಉತ್ತರ ಇದೆ. ಪ್ರಮಾಣ, ಅವಧಿ, ಚೀಟಿಯ ಮೇಲಿನ ಸೂಚನೆ, ಎಲ್ಲ ಹೇಳಬಹುದಿತ್ತು. ಅವರು ಹೋಗಿ ಹತ್ತು ನಿಮಿಷದ ಮೇಲೆ ಎಲ್ಲವೂ ಹೊಳೆಯಿತು.

ಎರಡನೆಯ ಬಿತ್ತನೆಯ ಹೊತ್ತಿಗೆ ನಾನು ಸಾವಿತ್ರಿಯ ಪಾತಿಗಳನ್ನು ಗಮನಿಸತೊಡಗಿದ್ದೆ. ಅವಳ ಹಿತ್ತಲಿನಲ್ಲಿ ಇರುವೆಯೇ ಇರಲಿಲ್ಲ. ಬಸಳೆ, ಅಲಸಂದೆ, ಕೊತ್ತಂಬರಿ ಎಲ್ಲ ನಗುತ್ತಿದ್ದವು. ಕೇಳಿದರೆ, "ಎಂಗಳ ಮನೇಲಿ ಇರುವೆ ಇಲ್ಲೆ," ಎಂದು ಒಂದೇ ಮಾತು. ಒಂದು ಮಧ್ಯಾಹ್ನ ಊಟಕ್ಕೆ ಬಂದವಳು ಕಿಟಕಿಯಿಂದ ನೋಡಿದೆ. ಸಾವಿತ್ರಿ ಕಾಯಿ ತುರಿದ ಗರಟೆಯೊಂದನ್ನು ತುದಿಬೆರಳಲ್ಲಿ ಹಿಡಿದುಕೊಂಡು ಕಾಂಪೌಂಡಿನ ಹತ್ತಿರ ಬಂದಳು. ಗರಟೆ ಒಳಗೆ ಕೆಂಪಗೆ ಇರುವೆ. ಆಚೆ ಈಚೆ ನೋಡಿ, ಕೈ ಈಚೆ ಚಾಚಿ, ನನ್ನ ಬೆಂಡೆ ಗಿಡದ ಬುಡಕ್ಕೆ ಗರಟೆ ತಟ್ಟಿದಳು.

ಅನ್ನ ಕಲಸಿದ ಕೈಯಲ್ಲೇ ಹೊರಗೆ ಓಡಿದೆ.

"ಸಾವಿತ್ರೀ, ಎಂತದೇ ಇದು?"

ಅವಳು ಒಂದು ಚೂರೂ ಹೆದರಲಿಲ್ಲ. "ಇದು ನಿಂಗಳ ಕಡೆ ಇರುವೆ. ಕಾಯಿ ವಾಸನೆಗೆ ಎಂಗಳ ಕಡೆ ಬಂದಿತ್ತು. ವಾಪಸ್ ಬಿಟ್ಟಿದ್ದು."

"ನಮ್ಮನೆ ಇರುವೆ ಅಂತ ಹೆಂಗ್ ಗೊತ್ತು ನಿಂಗೆ? ಹೆಸರು ಬರ್ದಿದ್ಯಾ?"

"ಎಂಗಳ ಮನೇಲಿ ಇರುವೆ ಇಲ್ಲೆ ಹೇಳಿ ಆವಾಗ್ಲೇ ಹೇಳಿದ್ನಲೆ," ಎಂದು ಒಳಗೆ ಹೋದಳು.

ಎಷ್ಟು ದಿನದಿಂದ ನಡೆಯುತ್ತಿತ್ತೋ. ನಾನು ಆಕೆಯ ಬೂದಿ ಇಸಿದುಕೊಂಡು ಆಕೆಯ ಇರುವೆಯನ್ನೇ ಓಡಿಸಲು ಹೆಣಗಿದ್ದೆ. ಅವತ್ತು ಸಂಜೆ ನಾನೂ ಕಾಯಿ ಒಡೆದೆ. ತುರಿದ ಗರಟೆಯಲ್ಲಿ ಸ್ವಲ್ಪ ಕಾಯಿ ಉಳಿಸಿ ಪಾತಿಯ ಮೇಲೆ ಕವುಚಿ ಹಾಕಿದರೆ ಅರ್ಧ ಗಂಟೆಗೆ ತುಂಬುತ್ತದೆ. ತುಂಬಿದ್ದನ್ನು ಒಯ್ದು ಅವಳ ಬಸಳೆ ಚಪ್ಪರದ ಬುಡಕ್ಕೆ ತಟ್ಟಿದೆ. ಬೆಳಿಗ್ಗೆ ಅವಳು ಈಚೆ ತಟ್ಟಿದಳು. ಒಂದು ವಾರ ಎರಡೂ ಮನೆಯಲ್ಲಿ ಬೇಡದಿದ್ದರೂ ಕಾಯಿ ತುರಿದು ಕಾಯಿರಸ, ಕಾಯಿಚಟ್ನಿ, ಕಾಯಿ ಹಾಕಿದ ಪಲ್ಯ. ಒಂದೇ ಇರುವೆಗಳು ಎರಡೂ ಮನೆಯ ಕಾಯಿ ತಿಂದು ಕಾಂಪೌಂಡಿನ ಆಚೀಚೆ ಹೋಗಿ ಬಂದು ದಷ್ಟಪುಷ್ಟವಾದವು. ಕೊನೆಗೆ ನನ್ನ ಗಂಡ ಊಟಕ್ಕೆ ಕೂತು ತಟ್ಟೆ ನೋಡಿ, "ಇವತ್ತಾದ್ರೂ ಕದನವಿರಾಮ ಮಾಡ್ಕೊಳಿ, ನಂಗೆ ಬರೀ ತಿಳಿಸಾರು ಬೇಕು," ಎಂದರು.

ಆಮೇಲೆ ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಸಿಟ್ಟಿನ ಭರದಲ್ಲಿ ಎರಡನೆಯ ಪಾಲು ಬೀಜ ಬಿತ್ತಿ, ಬಿತ್ತಿದ ಪಾತಿಯ ಅಂಚಿನಲ್ಲೇ ಗೂಡಿನ ಬಾಯಿ ಹುಡುಕಿ, ಒಂದು ದೊಡ್ಡ ಪಾತ್ರೆ ಕುದಿಯುವ ನೀರು ಸುರಿದೆ. ಇದು ವಿಷವಲ್ಲವಲ್ಲ, ಬರೀ ನೀರು ಎಂದು ನನ್ನ ಲೆಕ್ಕಾಚಾರ. ಇರುವೆಗಳು ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ಮೇಲೆ ಬಂದವು. ಅವುಗಳ ಜೊತೆ ಮಣ್ಣಿನಿಂದ ಎರೆಹುಳಗಳೂ ಹೊರಳುತ್ತಾ ಬಂದು ನನ್ನ ಕಣ್ಣೆದುರು ಬೆಂದು ಬಿಳಿಚಿಕೊಂಡವು. ಅವನ್ನು ನಾನೇ ಎರಡು ವರ್ಷ ಸಗಣಿ ಹಾಕಿ, ಒಣ ಎಲೆ ಹಾಕಿ ಸಾಕಿದ್ದು. ಉಳಿದ ಇರುವೆಗಳು ಪಕ್ಕದ ಪಾತಿಗೆ ಮನೆ ಬದಲಾಯಿಸಿದವು. ಹೋಗುವಾಗ ಬೀಜವನ್ನೂ ಒಯ್ದವು.

ಬಾಟಲಿಯ ತಳದಲ್ಲಿ ಒಂದು ಚಿಟಿಕೆ ಉಳಿಯಿತು.

ಆಗ ನನ್ನಿಂದ ಬೀಜ ಪಡೆದವರನ್ನು ನೆನಪು ಮಾಡಿಕೊಂಡೆ. ಹಿಂದೆ ಇದೇ ಬೀಜವನ್ನು ಅಮ್ಮನಿಂದ ತಂದು ನಮ್ಮ ಗುಂಪಿನ ಹಲವರಿಗೆ ಹಂಚಿದ್ದೆ. ಒಬ್ಬೊಬ್ಬರಿಗೇ ಫೋನು ಮಾಡಿದೆ. ಒಬ್ಬರು ಬೀಜ ಎಲ್ಲೋ ಇಟ್ಟಿದ್ದಾರೆ. ಇನ್ನೊಬ್ಬರು ಬಿತ್ತಿದ್ದರು, ದನ ತಿಂದಿತು. ಮತ್ತೊಬ್ಬರು, ಓ ಅದಾ, ಅದು ಹರಿವೆನಾ, ನಾನು ಸಾಸಿವೆ ಅಂತ ಒಗ್ಗರಣೆಗೆ ಹಾಕಿದೆ, ಸಿಡಿಯಲೇ ಇಲ್ಲ ಎಂದರು. ಅವತ್ತು ಬೂದಿಯ ಕಥೆ ಕೇಳಿ ಕಣ್ಣು ಒರೆಸಿಕೊಂಡವರು ಇವರೇ.

ಇನ್ನು ಒಂದೇ ದಾರಿ. ಅಮ್ಮನ ಬೂದಿಯಲ್ಲಿ ಏನೋ ಇತ್ತು, ನನಗೆ ತಿಳಿಯದ ಏನೋ. ಯಾವ ಕಟ್ಟಿಗೆಯ ಬೂದಿ, ಯಾವ ಹೊತ್ತಿಗೆ ಹಾಕುವುದು, ಕೇಳಿಕೊಂಡು ಬರಬೇಕು. ಭಾನುವಾರ ಅಂಗಡಿ ಗಂಡನಿಗೆ ಬಿಟ್ಟು, ಹೊಸನಗರದ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಅರಳಸುರಳಿಗೆ ಹೋದೆ. ಬಾಟಲಿ ಕೈಚೀಲದಲ್ಲಿತ್ತು. ಯಾಕೆ ತಂದೆನೋ. ಮನೆಯಲ್ಲಿ ಬಿಟ್ಟರೆ ಇರುವೆಗಳು ಬಿರಡೆ ತೆಗೆದಾವು ಎನಿಸಿರಬೇಕು.

ಅಮ್ಮ ಹಿತ್ತಲಿನ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತಿದ್ದಳು. ಲತಾ ಅತ್ತಿಗೆ ಪಕ್ಕದಲ್ಲಿ ಬೀನ್ಸ್ ಮುರಿಯುತ್ತಿದ್ದಳು. ಬಂದ್ಯಾ ಎಂದೂ ಕೇಳದೆ ಅಮ್ಮ, "ಎದ್ದಿದಾ?" ಎಂದಳು.

"ಇಲ್ಲ."

"ಬಿತ್ತಿದ್ಯಾ ಇಲ್ವಾ?"

"ಎರಡು ಸಲ ಬಿತ್ತಿದೆ ಅಮ್ಮ. ಎರಡು ಸಲನೂ ಇರುವೆ ಹೊತ್ಕೊಂಡ್ ಹೋಯ್ತು."

"ಎಂತ ಹಾಕ್ದೆ?"

"ಬೂದಿ."

"ಬೂದಿನಾ?"

"ನೀನು ಹಾಕ್ತಿದ್ಯಲ್ಲ. ಬಟ್ಟೇಲಿ ಗಂಟು ಕಟ್ಕೊಂಡು, ಕಡ್ಡೀಲಿ ತಟ್ಟಿ. ಅದು ಯಾವ ಬೂದಿ ಅಂತ ಕೇಳೋಕೇ ಬಂದೆ."

ಅಮ್ಮ ಅತ್ತಿಗೆ ಕಡೆ ತಿರುಗಿ, "ನೋಡು, ನಮ್ಮನೇಲಿ ಓದಿದವಳು ಇವಳೊಬ್ಳೇ," ಎಂದಳು. "ಅದು ಬೂದಿ ಅಲ್ಲ ಕಣೆ. ಇರುವೆ ಪುಡಿ. ಗದ್ದೆಗೆ ಹೊಡಿಯೋಕೆ ಅಂತ ಗ್ರಾಮಸೇವಕರು ಕೊಡ್ತಿದ್ದಿದ್ದು. ಬೀಜಕ್ಕೆ ಇರುವೆ ಬಂದ್ರೂ ಅದೇ, ಎಲೆಗೆ ಹುಳ ಬಂದ್ರೂ ಅದೇ. ಎಂಥ ಘಾಟು ಅದು ಮಾರಾಯ್ತಿ. ಸೆರಗು ಮೂಗಿಗೆ ಕಟ್ಕೊಂಡು ತಟ್ತಿದ್ದೆ. ನಿನ್ನ ಕೈಗೂ ಕೊಡ್ತಿದ್ದೆ. ಚೆನ್ನಾಗ್ ತಟ್ತಿದ್ದೆ ನೀನು."

ಅತ್ತಿಗೆ ನಗು ತಡೆಯಲು ಬೀನ್ಸಿನ ಬುಟ್ಟಿಗೆ ಮುಖ ಬಗ್ಗಿಸಿದಳು.

ನಾನು ನಂಬಲಿಲ್ಲ. ಅಮ್ಮನಿಗೆ ಮರೆವು ಎಂದುಕೊಂಡೆ. ನನ್ನ ಮರೆವಿನ ಬಗ್ಗೆ ಯೋಚನೆಯೇ ಬರಲಿಲ್ಲ. ಅಮ್ಮ ಅತ್ತಿಗೆಯನ್ನು ಕಳಿಸಿ ಕೊಟ್ಟಿಗೆಯಿಂದ ಒಂದು ತಗಡಿನ ಡಬ್ಬಿ ತರಿಸಿದಳು. ಈಗ ಅದರಲ್ಲಿ ಮೊಳೆ, ತಿರುಪು, ಬಾಗಿಲ ಚಿಲಕ ಇವೆ. ಹೊರಗಿನ ಅಕ್ಷರಗಳೆಲ್ಲ ತುಕ್ಕಿಗೆ ಹೋಗಿವೆ. ತಲೆಬುರುಡೆ ಮತ್ತು ಎರಡು ಮೂಳೆ ಮಾತ್ರ ಸ್ಪಷ್ಟವಾಗಿ ಉಳಿದಿವೆ.

ಹಿಂದೆ ಬರೆದ ಆ ನೆನಪಿಗೆ ಈಗ ಹೋಗಿ ನೋಡಿ. ಅಮ್ಮ ನನ್ನ ಕಡೆ ನೋಡಿ ನಗುತ್ತಾಳೆ ಎಂದು ಬರೆದಿದ್ದೇನೆ. ಅವಳ ಮೂಗು ಬಾಯಿಗೆ ಸೆರಗು ಕಟ್ಟಿತ್ತು. ನಕ್ಕಿದ್ದು ನನಗೆ ಕಾಣುವ ಹಾಗೇ ಇರಲಿಲ್ಲ. ಆ ಸೆರಗನ್ನು ಬಿಚ್ಚಿ, ಅಡಿಯಲ್ಲಿ ಒಂದು ನಗು ಅಂಟಿಸಿ, ವಿಷವನ್ನು ಬೂದಿ ಮಾಡಿ, ಅದಕ್ಕೆ ಚಪ್ಪಾಳೆಯನ್ನೂ ಇಸಿದುಕೊಂಡವಳು ನಾನು. ಬಿಳಿ ಮೋಡ ಎಂದು ನಾನೇ ಬರೆದೆ. ಒಲೆಯ ಬೂದಿ ಎಲ್ಲಿಯಾದರೂ ಅಷ್ಟು ಬಿಳಿ ಇರುತ್ತದೆಯೇ?

ಸಿಟ್ಟು ನೆತ್ತಿಗೇರಿತು. ಆಂಟಿಬಯೋಟಿಕ್ಕನ್ನು ಅರ್ಧಕ್ಕೇ ನಿಲ್ಲಿಸಿ ಬಂದವರ ಹತ್ತಿರ ಮಾತಾಡುವ ದನಿಯೊಂದಿದೆ ನನ್ನಲ್ಲಿ. ಅದೇ ದನಿ ಬಂತು.

"ಅಮ್ಮ, ಅದು ವಿಷ. ಮಾರನೇ ದಿನ ಅದೇ ಹರಿವೆ ನಮಗೆ ಬಡಿಸಿದೀಯ."

"ತೊಳ್ದು ಮಾಡ್ತಿದ್ದೆ."

"ತೊಳೆದ್ರೆ ಹೋಗಲ್ಲ ಅದು."

"ನೀನೇನು ಸತ್ತಿಲ್ಲಲ್ಲ. ಇಲ್ಲೇ ನಿಂತು ಬಯ್ತಿದೀಯ."

"ಪುಡಿ ಬರೋಕೆ ಮುಂಚೆ ಜನ ಹರಿವೆ ಬೆಳೀತಿರ್ಲಿಲ್ವಾ?"

"ಬೆಳೀತಿದ್ರು. ನಿನ್ನ ಅಜ್ಜಿ ನುಚ್ಚು ಹಾಕ್ತಿದ್ರು."

ನುಚ್ಚಕ್ಕಿ. ಭತ್ತ ಕುಟ್ಟಿದಾಗ ಮುರಿದು ಬೀಳುವ ಅಕ್ಕಿಯ ಚೂರು. ಅಮ್ಮ ಕೈ ಆಡಿಸುತ್ತಾ ವಿವರಿಸಿದಳು. ಬೀಜ ಬಿತ್ತಿದ ಕೂಡಲೇ ಪಾತಿಯ ಸುತ್ತ ನುಚ್ಚು ಎರಚಬೇಕು. ಇರುವೆಗೆ ಬೀಜಕ್ಕಿಂತ ಅಕ್ಕಿಯ ಮೇಲೆ ಆಸೆ ಹೆಚ್ಚು, ಅದನ್ನು ಹೊತ್ತುಕೊಂಡು ಹೋಗುತ್ತದೆ. ಖಾಲಿಯಾಗಲು ಬಿಡಬಾರದು, ಬೆಳಿಗ್ಗೆ ಸಂಜೆ ಮತ್ತೆ ಮತ್ತೆ ಹಾಕಬೇಕು. "ನಾಕು ದಿನ. ಐದನೇ ದಿನಕ್ಕೆ ಬೀಜ ಒಡ್ದು ಮೇಲೆ ಬಂದಿರ್ತದೆ. ಆಮೇಲೆ ಇರುವೆಗೆ ಅದು ಬೇಡ."

ಇಷ್ಟೇ. ನಾನು ಎರೆಹುಳ ಬೇಯಿಸಿದೆ, ನೆರೆಯವಳ ಜೊತೆ ಜಗಳ ಆಡಿದೆ. ಉತ್ತರ ಇಲ್ಲಿ ಟೈಲ್ಸ್ ಮೇಲೆ ಬಿಸಿಲು ಕಾಯಿಸುತ್ತಾ ಕೂತಿತ್ತು.

"ಮತ್ತೆ ನೀನು ಯಾಕೆ ಹಂಗೆ ಮಾಡ್ಲಿಲ್ಲ?" ಎಂದೆ. ದನಿ ಇನ್ನೂ ಇಳಿದಿರಲಿಲ್ಲ. "ಅಜ್ಜಿಗೆ ಗೊತ್ತಿತ್ತು, ನಿಂಗೂ ಗೊತ್ತಿತ್ತು. ವಿಷ ಇಲ್ದೆ ಆಗ್ತಿತ್ತು. ಮಕ್ಳು ತಿನ್ನೋ ಸೊಪ್ಪಿಗೆ ಪುಡಿ ಯಾಕೆ ಹಾಕ್ದೆ?"

ಅಮ್ಮ ಜೋರು ಮಾಡಲಿಲ್ಲ. ಗೊತ್ತಿರುವ ವಿಷಯ ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು.

"ನುಚ್ಚು ಇರುವೆಗೆ ಹಾಕಿದ್ರೆ ನಿಮಗೆ ಎಂತ ಹಾಕ್ಲಿ?"

ಅತ್ತಿಗೆಯ ಕೈ ಬೀನ್ಸಿನ ಮೇಲೆ ನಿಂತಿತು.

"ಅಜ್ಜಿಗೆ ಇಬ್ರೇ ಮಕ್ಳು. ನೀವು ಐದು ಜನ. ಗದ್ದೆ ಆವಾಗಿನ್ನೂ ನಮ್ಮದಾಗಿರ್ಲಿಲ್ಲ. ಗೇಣಿ ಅಳೆದು ಕೊಟ್ಮೇಲೆ ಒಳ್ಳೆ ಅಕ್ಕಿ ಮನೇಲಿ ಎಲ್ಲಿ ಉಳೀತಿತ್ತು. ಬೆಳಿಗ್ಗೆ ಗಂಜಿ ಕುಡ್ದು ಶಾಲೆಗೆ ಹೋಗ್ತಿದ್ರಲ್ಲ, ಅದು ಎಂತದು ಅಂದ್ಕೊಂಡಿದ್ದೆ? ಅದೇ ನುಚ್ಚು. ಪುಡಿ ಬಿಟ್ಟಿ ಕೊಡ್ತಿದ್ರು. ನುಚ್ಚು ಯಾರು ಕೊಡ್ತಿದ್ರು?"

ಆ ಗಂಜಿಯ ಬಗ್ಗೆಯೂ ನಾನು ನಮ್ಮ ಗುಂಪಿನಲ್ಲಿ 'ನಮ್ಮ ಬಾಲ್ಯದ ಆರೋಗ್ಯಕರ ಉಪಾಹಾರ' ಎಂದು ಬರೆದಿದ್ದೇನೆ. ಬಿಸಿ ನುಚ್ಚಿನ ಗಂಜಿ, ಮೇಲೆ ಮಿಡಿ ಉಪ್ಪಿನಕಾಯಿ. ತುಂಬ ಜನ ಹೃದಯದ ಗುರುತು ಒತ್ತಿದ್ದರು. ಅದರ ಕೆಳಗೆ ಈಗ ಏನು ಬರೆಯಲಿ. ಅಮ್ಮನ ಮೇಲೆ ಏರಿದ್ದ ಸಿಟ್ಟು ಇಳಿಯಲೂ ಇಲ್ಲ, ಕೂರಲು ಅದಕ್ಕೆ ಬೇರೆ ಜಾಗವೂ ಸಿಗಲಿಲ್ಲ. ಗ್ರಾಮಸೇವಕರ ಮೇಲೆ ಹಾಕೋಣವೆಂದರೆ ಅವರ ಮುಖವೇ ನೆನಪಿಲ್ಲ. ಬೇಕಾದರೆ ಒಂದು ಮುಖ ಕಟ್ಟಿಕೊಡಬಲ್ಲೆ, ಅದು ನನಗೆ ಸುಲಭ. ಹೊಸನಗರದಿಂದ ಸಾಗರದವರೆಗೂ ಆ ಸಿಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದೆ.

ಮಾರನೇ ದಿನ ದಿನಸಿ ಅಂಗಡಿಯಲ್ಲಿ ನುಚ್ಚು ಕೇಳಿದರೆ, "ನಾಯಿಗಾ ಅಕ್ಕ, ಕೋಳಿಗಾ?" ಎಂದರು. ಮನುಷ್ಯರಿಗೆ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಇರುವೆಗೆ ಎಂದೆ. ಅವರು ತೂಗಿ ಕಟ್ಟಿಕೊಟ್ಟರು.

ಬಾಟಲಿಯನ್ನು ಕವುಚಿ, ಬೆರಳಿನಿಂದ ತಟ್ಟಿ, ಕೊನೆಯ ಬೀಜದವರೆಗೂ ಬಿತ್ತಿದೆ. ಸುತ್ತ ನುಚ್ಚು ಎರಚಿದೆ. ಮೊದಲ ಇರುವೆ ಬಂತು. ಒಂದು ಚೂರನ್ನು ಮುಟ್ಟಿತು, ಬಿಟ್ಟಿತು, ಸುತ್ತು ಹೊಡೆಯಿತು, ಮತ್ತೆ ಬಂದು ಕಚ್ಚಿಕೊಂಡಿತು. ಅದರ ದೇಹಕ್ಕಿಂತ ಆ ನುಚ್ಚೇ ದೊಡ್ಡದು. ಹೋಗಿ ಊರಿಗೆಲ್ಲ ಹೇಳಿ ಬಂದಿತು. ಮಧ್ಯಾಹ್ನದ ಹೊತ್ತಿಗೆ ಪಾತಿಯ ಒಳಗೆ ಹೋಗುತ್ತಿದ್ದ ಸಾಲು ಅಂಚಿಗೇ ತಿರುಗಿತ್ತು. ಪಾತಿಯ ಸುತ್ತ ಬಿಳಿ ಚೂರುಗಳು ತಾವೇ ನಡೆದುಕೊಂಡು ಹೋಗುವ ಹಾಗೆ ಕಾಣುತ್ತಿತ್ತು.

ನಾನು ಕುಕ್ಕುರುಗಾಲಲ್ಲಿ ಕೂತು ನೋಡಿದೆ. ಸಮಾಧಾನವೇನೂ ಆಗಲಿಲ್ಲ. ನನ್ನ ಎರಡು ಬೆಳೆ ತಿಂದವರಿಗೆ ನಾನೇ ಕೈಯಾರೆ ಬಡಿಸುತ್ತಿದ್ದೆ. ಅದೂ ನನ್ನ ಬಾಲ್ಯದ ತಿಂಡಿಯನ್ನು.

"ಮಾಮೂಲಿ ಕೊಟ್ಟು ಕೆಲಸ ಮಾಡಿಸ್ಕೊಳ್ತಿದೀಯ," ಎಂದರು ಗಂಡ, ಅಂಗಡಿಯ ಹಿಂಬಾಗಿಲಲ್ಲಿ ನಿಂತು. "ತಾಲೂಕಾಫೀಸಿಗೆ ನೀನೇ ಹೋಗ್ಬಹುದು ಇನ್ಮೇಲೆ."

ಸಾವಿತ್ರಿ ಕಾಂಪೌಂಡಿನ ಮೇಲಿಂದ ಇಣುಕಿದಳು. ಗರಟೆಯ ಯುದ್ಧ ಆದ ಮೇಲೆ ಮಾತು ಬಿಟ್ಟಿದ್ದೆವು. "ಎಂತ ಎರಚ್ತಾ ಇದ್ದೆ?"

"ನುಚ್ಚು."

ಅವಳು ತನ್ನ ಪಾತಿ ನೋಡಿದಳು, ನನ್ನ ಪಾತಿ ನೋಡಿದಳು. "ಎಂಗಳ ಮನೆ ಇರುವೆನೂ ನಿಮ್ಮನೆ ಊಟಕ್ಕೇ ಬೈಂದು ಕಾಣ್ತು."

"ನಿಮ್ಮನೇಲಿ ಇರುವೆ ಇಲ್ಲೆ ಅಂದಿದ್ಯಲ್ಲ," ಎಂದೆ.

ಅವಳು ನಕ್ಕುಬಿಟ್ಟಳು. ಸಂಜೆ ಒಂದು ಪಾವು ನುಚ್ಚು ತಂದು ಕಾಂಪೌಂಡಿನ ಮೇಲಿಟ್ಟು ಹೋದಳು. ತನ್ನ ಕಡೆಯವರ ಊಟಕ್ಕೆ.

ಐದನೇ ದಿನ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಬಗ್ಗಿದೆ. ಮಣ್ಣಿನ ಮೇಲೆ ಕೆಂಪು ನೂಲಿನ ಚೂರು ಬಿದ್ದಿರುವಂತೆ ಕಂಡಿತು. ಅಲ್ಲೊಂದು, ಇಲ್ಲೊಂದು, ಆಮೇಲೆ ಎಲ್ಲ ಕಡೆ. ಒಂದು ಇರುವೆ ಒಂದು ಮೊಳಕೆಯ ಬುಡದವರೆಗೆ ಬಂದು, ಮೂಸಿ, ಬೇಡವೆಂದು ತಿರುಗಿ ಹೋಯಿತು.

ಹೆಚ್ಚೇನಿಲ್ಲ, ಒಂದು ತಿಂಗಳಲ್ಲಿ ಸೊಪ್ಪು ಕೀಳುವಷ್ಟಾಯಿತು. ಆರು ಗಿಡವನ್ನು ಬೀಜಕ್ಕೆಂದು ಬಿಟ್ಟು, ಉಳಿದದ್ದರಿಂದ ಒಂದು ದೊಡ್ಡ ಕಟ್ಟು ಕಿತ್ತು, ಒದ್ದೆ ಬಟ್ಟೆ ಸುತ್ತಿ, ಮತ್ತೆ ಹೊಸನಗರದ ಬಸ್ಸು ಹತ್ತಿದೆ.

ಅಮ್ಮ ಕಟ್ಟು ಬಿಚ್ಚಿದಳು. ಒಂದು ದಂಟು ಮುರಿದು ಒಳಗಿನ ಕೆಂಪು ನೋಡಿದಳು. ಎಲೆ ಮಗುಚಿ ಮೂಗಿನ ಹತ್ತಿರ ಹಿಡಿದಳು.

"ಪುಡಿ ಹಾಕಿಲ್ಲ ತಾನೆ?"

ನಾನು ಅವಳ ಮುಖ ನೋಡಿದೆ. ಹುಡುಗಾಟ ಇರಲಿಲ್ಲ ಅದರಲ್ಲಿ.

"ಇಲ್ಲ. ನುಚ್ಚು ಹಾಕಿದ್ದು. ನೀನು ಹೇಳಿದ ಹಂಗೇ."

"ಎಷ್ಟು ಹಿಡೀತು?"

"ಒಂದು ಸೇರು ಆಗಿರ್ಬಹುದು."

ಅಮ್ಮ ಎಲೆ ಕೆಳಗಿಟ್ಟಳು. "ಒಂದು ಸೇರು."

"ನಾಲ್ಕು ದಿನಕ್ಕೆ, ಅಮ್ಮ."

"ಇರುವೆಗೆ."

ಅಮ್ಮನ ಮುಖ ಬಿಗಿಯಿತು. ಆ ಮುಖವನ್ನು ನಾನು ಈ ಮೊದಲು ನೋಡಿದ್ದೆನೋ ಇಲ್ಲವೋ, ನೆನಪನ್ನು ಕೇಳುವುದಿಲ್ಲ, ಅದು ಏನಾದರೊಂದು ಹೇಳುತ್ತದೆ. ನನಗೆ ಗೊತ್ತಿರುವುದು ಇಷ್ಟೇ, ಈ ಎರಡು ತಿಂಗಳು ನಾನು ಹೊತ್ತು ತಿರುಗಿದ ಸಿಟ್ಟೆಲ್ಲ ಆ ಸಿಟ್ಟಿನ ಮುಂದೆ ಏನೂ ಅಲ್ಲ. ಅತ್ತಿಗೆ ಕೈ ಚಾಚಿದರೂ ಕೊಡದೆ, ಸೊಪ್ಪನ್ನು ತಾನೇ ಎತ್ತಿಕೊಂಡು ಗೋಡೆ ಹಿಡಿದು ಒಳಗೆ ನಡೆದಳು. ನಾಲ್ಕು ನೀರಿನಲ್ಲಿ ತೊಳೆದಳು. ಹೆಚ್ಚುವುದಕ್ಕೂ ಯಾರನ್ನೂ ಬಿಡಲಿಲ್ಲ.

ಮಧ್ಯಾಹ್ನ ಅನ್ನ ಗುಲಾಬಿಯಾಯಿತು. ಅಮ್ಮ ತಲೆ ಎತ್ತದೆ ಉಂಡಳು. ತಟ್ಟೆ ಆಚೆ ತಳ್ಳಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಅತ್ತಿಗೆ ನನ್ನ ಕಡೆ ನೋಡಿದಳು, ನಾನು ಅತ್ತಿಗೆ ಕಡೆ ನೋಡಲಿಲ್ಲ. ಆಮೇಲೆ ಅಮ್ಮ ಸೌಟು ತೆಗೆದುಕೊಂಡು, ಬೇಕಾ ಎಂದು ಕೇಳದೆ, ತಳದಲ್ಲಿದ್ದ ದಂಟುಗಳನ್ನೆಲ್ಲ ಬಾಚಿ ನನ್ನ ಅನ್ನದ ಮೇಲೆ ಹಾಕಿದಳು.

"ಉಣ್ಣು," ಎಂದಳು. "ಇರುವೆ ಬಿಟ್ಟಿದ್ದು."